ಜರಡಿಯನ್ನೇ ಹಾಕಿಕೋ

ಮಾರ್ಚ್ 2

ಅಣ್ಣಾ,

ಬಂದು ತಲುಪಿದೆ. ಬಸ್ಸಿಳಿದ ಕೂಡಲೇ ಕೋಚ್ ಒಂದು ಬಟ್ಟೆಚೀಲ ಹಿಡಿದು ನಿಂತಿದ್ದರು. ಒಂಬತ್ತು ಹುಡುಗಿಯರ ಫೋನೂ ಅದರೊಳಗೆ ಹೋಯಿತು. ಇನ್ನು ಸೈಕಲ್ ರೇಸ್ ಮುಗಿಯುವ ತನಕ, ಅಂದರೆ ಏಪ್ರಿಲ್ ಹತ್ತರ ತನಕ, ನಮಗೆ ಕಾಗದವೇ ಗತಿ. ಶಿಬಿರದ ಆಫೀಸಿನಲ್ಲಿ ಒಂದು ಫೋನ್ ಇದೆ. "ಅದು ರಿಂಗಾಗ್ಬೇಕು ಅಂದ್ರೆ ಯಾರಾದ್ರೂ ಸತ್ತಿರ್ಬೇಕು" ಅಂತ ಕೋಚ್ ಎಚ್ಚರಿಸಿದ್ದಾರೆ. ಅಮ್ಮನಿಗೆ ಈ ಸಾಲು ಓದಿ ಹೇಳಬೇಡ.

ರೂಮಿಗೆ ಇಬ್ಬರು. ನನ್ನ ಜೊತೆಗಿರುವವಳನ್ನು ಎಲ್ಲರೂ ಜಿರಾಫೆ ಅಂತಾರೆ. ಅವಳ ಎತ್ತರದಲ್ಲಿ ಅರ್ಧ ಬರೀ ಕತ್ತು. ನಾನು ಇದನ್ನು ಬರೆಯುವಾಗ ಭುಜದ ಮೇಲಿಂದ ಬಗ್ಗಿ ಓದಿ, "ಮುಕ್ಕಾಲು ಅಂತ ಬರಿ" ಅಂದಳು. ಆಯ್ಕೆಗೆ ಇದು ಅವಳ ಮೂರನೇ ಪ್ರಯತ್ನ. ಒಂಬತ್ತರಲ್ಲಿ ಇಬ್ಬರನ್ನು ಮಾತ್ರ ತಂಡಕ್ಕೆ ತಗೊಳ್ಳುತ್ತಾರೆ.

ಈಗ ಮುಖ್ಯ ವಿಷಯ. ಬಸ್ ಹೊರಡುವಾಗ ನೀನು ಕಿಟಕಿಯಿಂದ ತೂರಿಸಿದ ಡಬ್ಬ ಬಿಚ್ಚಿದೆ. ಅಣ್ಣಾ! ಗಾಳಿ ಸೀಳುವ ರೇಸ್ ಹೆಲ್ಮೆಟ್! ಎಲ್ಲಿ ಸಿಕ್ಕಿತು? ಹಿಂದೆ ಬಾಲ ಚಾಚಿಕೊಂಡು ಥೇಟ್ ಸೋರೆಕಾಯಿ. ಅದಕ್ಕೆ ಸೋರೆಬುರುಡೆ ಅಂತ ಹೆಸರಿಟ್ಟೆವು. ತೂತು ತೂತಿನ ನನ್ನ ಹಳೇ ಹೆಲ್ಮೆಟ್ಟಿಗೆ ಜರಡಿ ಅಂತ.

ಯಾವುದನ್ನು ಯಾವಾಗ ಹಾಕಲಿ? ರೇಸಿನಲ್ಲಿ ಹಾಕುವುದನ್ನೇ ದಿನಾ ಹಾಕು ಅಂತಾರೆ ಕೋಚ್. ದಿನಾ ಹಾಕಿದರೆ ತಲೆ ಬೆಂದುಹೋಗುತ್ತೆ ಅಂತಾಳೆ ಜಿರಾಫೆ. ಹೆಲ್ಮೆಟ್ ಒಡೆದು ಸಂಬಳ ತಗೊಳ್ಳುವವನು ನೀನು, ನೀನೇ ಹೇಳು. ನೀನು ಹೇಳಿದ್ದನ್ನು ಯಾವತ್ತು ಮೀರಿದ್ದೇನೆ?

ಪುಟ್ಟಿ


ಮಾರ್ಚ್ 6

ಪುಟ್ಟಿ,

ಎಲ್ಲಿ ಸಿಕ್ಕಿತು ಅಂತ ಕೇಳಬೇಡ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು.

ದಿನದ ತರಬೇತಿಗೆ ಜರಡಿ. ಬಿಸಿಲಲ್ಲಿ ಮೂರು ಗಂಟೆ ಏರು ಹತ್ತುವಾಗ ತಲೆಗೆ ಗಾಳಿ ಆಡಬೇಕು. ಸೋರೆಬುರುಡೆ ಕಿವಿಯನ್ನೂ ಮುಚ್ಚುತ್ತೆ, ಹಿಂದಿನಿಂದ ಲಾರಿ ಬಂದರೆ ತಿಳಿಯುವುದಿಲ್ಲ. ವಾರಕ್ಕೆ ಎರಡು ದಿನ, ಗಡಿಯಾರ ಹಿಡಿದು ಓಡಿಸುವ ದಿನ, ಸೋರೆಬುರುಡೆ ಹಾಕಿಕೋ. ಕತ್ತಿಗೆ ಅಭ್ಯಾಸ ಆಗಬೇಕಲ್ಲ. ಸುಸ್ತಾಗಿ ನೀನು ತಲೆ ತಗ್ಗಿಸಿದೆಯೋ, ಅದರ ಬಾಲ ಮೇಲೆದ್ದು ಗಾಳಿಗೆ ಅಡ್ಡ ನಿಲ್ಲುತ್ತೆ. ಆಗ ಉಳಿಸಿದ್ದೆಲ್ಲ ಹೊಳೆಪಾಲು.

ರೇಸಿಗೆ ಮಾತ್ರ ಕಣ್ಣು ಮುಚ್ಚಿಕೊಂಡು ಸೋರೆಬುರುಡೆ. ಮೂವತ್ತು ಕಿಲೋಮೀಟರಿನಲ್ಲಿ ಅರ್ಧ ನಿಮಿಷ ಉಳಿದರೂ ಉಳಿದೀತು.

ನಾನು ಎಂದಿನಂತೆ ದಿನವಿಡೀ ಭಾವನ ತಲೆ ಬೀಳಿಸುತ್ತಿದ್ದೇನೆ. (ಭಾವ ಅಂದರೆ ನಮ್ಮ ಪ್ರಯೋಗಾಲಯದಲ್ಲಿ ಹೆಲ್ಮೆಟ್ ತೊಡಿಸಿ ಬೀಳಿಸುವ ಉಕ್ಕಿನ ತಲೆ. ಎಷ್ಟು ಮೇಲಿಂದ ಬೀಳಿಸಿದರೂ ತುಟಿ ಪಿಟಿಕ್ಕೆನ್ನುವುದಿಲ್ಲ, ಅದಕ್ಕೇ ಆ ಹೆಸರು.) ವರ್ಷದ ಕೊನೆಯ ತಪಾಸಣೆ ಶುರುವಾಗಿದೆ. ಮೇಡಂ ಒಂದೊಂದೇ ಬೀರು ತೆಗೆಸಿ ಹೆಲ್ಮೆಟ್ಟುಗಳನ್ನು ಪಟ್ಟಿಗೆ ತಾಳೆ ನೋಡುತ್ತಿದ್ದಾರೆ. ಅಮ್ಮ ಆರಾಮಾಗಿದ್ದಾಳೆ. ಸರಿಯಾಗಿ ತಿನ್ನು.

ಅಣ್ಣ


ಮಾರ್ಚ್ 11

ಪುಟ್ಟಿ,

ಈ ಕಾಗದ ಸಿಕ್ಕಿದ ಕೂಡಲೇ ಸೋರೆಬುರುಡೆಯನ್ನು ತೆಗೆದಿಡು. ಇನ್ನೊಂದು ಸಲವೂ ಹಾಕಬೇಡ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಮ್ಮಲ್ಲಿಗೆ ಒಂದು ಮಾದರಿಯ ಐದು ಹೆಲ್ಮೆಟ್ ಬರುತ್ತವೆ. ನಾಲ್ಕನ್ನು ಬೀಳಿಸಿ ನೋಡುತ್ತೇವೆ, ಒಂದನ್ನು ಮುಟ್ಟದೆ ಬೀರುವಿನಲ್ಲಿ ಇಡುತ್ತೇವೆ. ವರ್ಷ ಮುಗಿದ ಮೇಲೆ ಆ ಹೊಚ್ಚ ಹೊಸದನ್ನೂ ಯಂತ್ರಕ್ಕೆ ಕೊಟ್ಟು ಪುಡಿ ಮಾಡುತ್ತಾರೆ. ಪುಡಿಯಾಗುವ ಬದಲು ನನ್ನ ತಂಗಿಯ ತಲೆ ಕಾಯಲಿ ಅಂತ ಎತ್ತಿಕೊಂಡೆ. ಹೌದು, ಕದ್ದೆ.

ಬೀಳಿಸಿದ ಹೆಲ್ಮೆಟ್ಟಿನ ಗಲ್ಲದ ಪಟ್ಟಿಯನ್ನು ಆ ಕ್ಷಣವೇ ಕತ್ತರಿಸಬೇಕು, ಯಾರೂ ಮತ್ತೆ ತಲೆಗೆ ಹಾಕದಂತೆ. ಅದು ನಿಯಮ. ನಾನು ಹಾಗೆ ಮಾಡುವವನಲ್ಲ. ಒಂದೊಂದಕ್ಕೂ ಕತ್ತರಿ ಹುಡುಕುವುದು ಯಾರಿಗೆ ಬೇಕು ಅಂತ, ದಿನದ ಎಲ್ಲವನ್ನೂ ಬೆಂಚಿನ ಮೇಲೆ ಸಾಲಾಗಿಟ್ಟು ಸಂಜೆ ಒಟ್ಟಿಗೆ ಕತ್ತರಿಸುತ್ತೇನೆ. ಹನ್ನೊಂದು ವರ್ಷದಿಂದ ಹೀಗೇ. ನೀನು ಹೊರಡುವ ಹಿಂದಿನ ದಿನ, ನಿನಗೆಂದು ಮುಟ್ಟದ ಹೆಲ್ಮೆಟ್ಟನ್ನು ಬೆಳಿಗ್ಗೆಯೇ ಬೆಂಚಿನ ತುದಿಗೆ ತೆಗೆದಿಟ್ಟಿದ್ದೆ. ಸಂಜೆ ಅಮ್ಮ ಮೂರು ಸಲ ಫೋನ್ ಮಾಡಿ ಬೇಗ ಬಾ ಅಂದಳು. ಗಡಿಬಿಡಿಯಲ್ಲಿ ಎಣಿಸದೆ, ತುದಿಯದೊಂದನ್ನು ಬಿಟ್ಟು ಉಳಿದವುಗಳ ಪಟ್ಟಿ ಕತ್ತರಿಸಿದೆ. ಪಟ್ಟಿ ಇದ್ದದ್ದು ಒಂದೇ ಉಳಿಯಿತು, ಅದೇ ಅಂತ ಚೀಲಕ್ಕೆ ಹಾಕಿದೆ.

ಇವತ್ತು ಬೀರು ತೆಗೆದರೆ ಮುಟ್ಟದ ಹೆಲ್ಮೆಟ್ ಅಲ್ಲೇ ಕೂತಿದೆ! "ಬೆಂಚಿನ ಮೇಲೆ ಬಿದ್ದಿತ್ತು, ಅವತ್ತು ಮಧ್ಯಾಹ್ನ ನಾನೇ ಒಳಗಿಟ್ಟೆ" ಅಂದರು ಮೇಡಂ. ಬೀಳಿಸಿದವುಗಳಲ್ಲಿ ಮೂರೇ ಇವೆ. "ಒಂದು ಕಾಣ್ತಿಲ್ವಲ್ಲ?" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳುವ ಮೊದಲೇ "ನಾನ್ ತಗೊಂಡಿಲ್ಲ" ಅಂದುಬಿಟ್ಟೆ.

ನಿನ್ನ ಹತ್ತಿರ ಇರುವುದು ಬಿದ್ದದ್ದು, ಪುಟ್ಟಿ. ಬಲಗಿವಿಯ ಹಿಂದೆ ಪೆಟ್ಟು ತಿಂದದ್ದು. ಹೊರಗಿನ ಚಿಪ್ಪು ಏನೂ ಆಗದ ಹಾಗೆ ಹೊಳೆಯುತ್ತೆ. ಒಳಗಿನ ಥರ್ಮೋಕೋಲಿನಂಥ ಪದರ ಇರುವುದು ಒಂದೇ ಒಂದು ಪೆಟ್ಟಿಗೆ. ಆ ಪೆಟ್ಟು ಮುಗಿದಿದೆ. ಅದನ್ನು ಹಾಕಿಕೊಂಡು ನೀನು ಬಿದ್ದರೆ

12, ಬೆಳಿಗ್ಗೆ. ಕವರಿಗೆ ಹಾಕಿ, ವಿಳಾಸ ಬರೆದು, ಪೋಸ್ಟ್ ಡಬ್ಬದ ತನಕ ಹೋಗಿ ವಾಪಸ್ ಬಂದೆ. ಅಲ್ಲಿ ಅವಳ ಕಾಗದ ಅವಳೊಬ್ಬಳೇ ಓದುವುದಿಲ್ಲ. ಅವರ ಕೋಚಿಗೆ ನಮ್ಮ ಮೇಡಂ ಚೆನ್ನಾಗಿ ಗೊತ್ತು. ಫೋನ್ ಮಾಡಿದರೂ ಅದೇ ಕಥೆ. ಹನ್ನೊಂದು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಹೋಗುತ್ತೆ. ಜರಡಿ ಹಾಕಿಕೋ ಅಂದರೆ ಸಾಕಲ್ಲ? ನನ್ನ ಮಾತು ಅವಳು ಮೀರುವುದಿಲ್ಲ. ಇದನ್ನು ಡ್ರಾಯರಿಗೆ ಹಾಕುತ್ತಿದ್ದೇನೆ.


ಮಾರ್ಚ್ 12

ಪುಟ್ಟಿ,

ಕುಶಲ. ಒಂದು ಮಾತು ಹೇಳುವುದಿತ್ತು. ಕೂತು ಯೋಚಿಸಿದೆ. ರೇಸಿಗೂ ಜರಡಿಯೇ ವಾಸಿ. ಏಪ್ರಿಲ್ ಬಿಸಿಲು ಸಾಮಾನ್ಯದ್ದಲ್ಲ. ಸೋರೆಬುರುಡೆಯಲ್ಲಿ ಮುಚ್ಚಿದ ಪಾತ್ರೆಯಲ್ಲಿಟ್ಟ ಹಾಗೆ ತಲೆ ಕಾಯುತ್ತೆ. ಭಾರವೂ ಜಾಸ್ತಿ. ಎರಡನ್ನೂ ಬದಲಿಸುತ್ತಾ ಇದ್ದರೆ ಕತ್ತಿಗೆ ಗೊಂದಲ. ಅದಕ್ಕೇ ಇವತ್ತಿನಿಂದಲೇ ಜರಡಿಯನ್ನೇ ಹಾಕಿಕೋ. ಸೋರೆಬುರುಡೆಯನ್ನು ಡಬ್ಬದಲ್ಲಿಡು. ಮರೆಯಬೇಡ.

ಅಣ್ಣ


ಮಾರ್ಚ್ 15

ಅಣ್ಣಾ,

ಆರನೇ ತಾರೀಖಿನ ಕಾಗದ ಬಂತು. ನೀನು ಹೇಳಿದ ಹಾಗೇ ಮಾಡಿದೆ, ಏನಾಯಿತು ಗೊತ್ತಾ?

ನಿನ್ನೆ ಗಡಿಯಾರ ಹಿಡಿದು ಓಡಿಸಿದರು. ಸೋರೆಬುರುಡೆಯಲ್ಲಿ ನಾನು ಮೂರನೆಯವಳು! ಎರಡನೆಯವಳು ಜಿರಾಫೆ, ಬರೀ ಒಂಬತ್ತು ಸೆಕೆಂಡು ಮುಂದೆ. ಪಾಪ, ಅವಳ ಹತ್ತಿರ ಮಾಮೂಲಿ ಹೆಲ್ಮೆಟ್ ಒಂದೇ. ಅವಳನ್ನು ದಾಟಿದರೆ ನಾನು ತಂಡದಲ್ಲಿ.

ಅಣೆಕಟ್ಟಿನ ಹಿಂದಿನ ಇಳಿಜಾರಲ್ಲಿ ಗಂಟೆಗೆ ಎಪ್ಪತ್ತೊಂದು ಕಿಲೋಮೀಟರ್ ವೇಗ ಮುಟ್ಟಿದೆ. ಕಿವಿ ಮುಚ್ಚಿರುತ್ತಲ್ಲ, ನನ್ನ ಉಸಿರು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ತಿರುವಿನಲ್ಲೊಂದು ಗುಂಡಿ ಇತ್ತು. ಮುಂದಿನ ಚಕ್ರ ಒಂದು ಸಲ ನಡುಗಿತು, ಆಮೇಲೆ ತಾನೇ ಸರಿಹೋಯಿತು. ಅಮ್ಮನಿಗೆ ಬೇಡ, ನಿನಗೆ ಮಾತ್ರ ಬರೆದದ್ದು. ತಲೆ ಮೇಲೆ ನೀನು ಕೊಟ್ಟದ್ದು ಇದೆ ಅಂದ ಮೇಲೆ ನನಗೆ ಭಯವೇ ಆಗಲ್ಲ.

ಪುಟ್ಟಿ


ಮಾರ್ಚ್ 19

ಪುಟ್ಟಿ,

ನನ್ನ ಹನ್ನೆರಡರ ಕಾಗದ ಸಿಗಲಿಲ್ಲವೇ? ಸಿಕ್ಕಿಲ್ಲದಿದ್ದರೆ ಇನ್ನೊಮ್ಮೆ ಬರೆಯುತ್ತೇನೆ: ಜರಡಿ, ಜರಡಿ, ಜರಡಿ. ಇಳಿಜಾರಲ್ಲಂತೂ ಸೋರೆಬುರುಡೆ ಬೇಡವೇ ಬೇಡ. ಅಡ್ಡಗಾಳಿ ಬಂದರೆ ಅದರ ಬಾಲ ತಲೆಯನ್ನೇ ತಿರುಗಿಸಿಬಿಡುತ್ತೆ.

ಇನ್ನೊಂದು ವಿಷಯ. ಅಮ್ಮನಿಗೆ ಕೆಟ್ಟ ಕನಸು ಬಿದ್ದಿದೆ. ನೀನು ಆ ಉದ್ದ ಬಾಲದ ಹೆಲ್ಮೆಟ್ ಹಾಕಿಕೊಂಡು ಬಿದ್ದ ಹಾಗೆ. ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನನಗೋಸ್ಕರ ಬೇಡ, ಅವಳಿಗೋಸ್ಕರ ಆದರೂ ಕೇಳು.

ಅಣ್ಣ


ಮಾರ್ಚ್ 23

ಅಣ್ಣ,

ಎರಡು ಕಾಗದವೂ ಸಿಕ್ಕಿವೆ. ಆರನೇ ತಾರೀಖು ಕಣ್ಣು ಮುಚ್ಚಿಕೊಂಡು ಹಾಕು ಅಂದವನು ಹನ್ನೆರಡಕ್ಕೆ ಬೇಡ ಅಂತೀಯ. ಆರು ದಿನದಲ್ಲಿ ಬಿಸಿಲು ಬದಲಾಯಿತೇ, ಗಾಳಿ ಬದಲಾಯಿತೇ? ರೇಸ್ ಇರುವುದು ಬೆಳಿಗ್ಗೆ ಏಳಕ್ಕೆ. ಆಗ ಯಾವ ಬಿಸಿಲು? ಕೋಚಿಗೆ ತೋರಿಸಿದೆ. "ನಿಮ್ಮಣ್ಣ ಇಷ್ಟ್ ತಿಳಿದೋರಾಗಿ ಯಾಕಮ್ಮ ಹೀಗ್ ಬರೀತಾರೆ?" ಅಂದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ಏನಾದರೂ ಇದ್ದರೆ ನೇರವಾಗಿ ಹೇಳು.

ಇಲ್ಲ, ನಾನೇ ಹೇಳುತ್ತೇನೆ. ನೀನು ಇದೇ ಆಯ್ಕೆಯನ್ನು ಎರಡು ಸೆಕೆಂಡಿನಲ್ಲಿ ಕಳಕೊಂಡೆ. ಆಮೇಲೆ ಸೈಕಲ್ಲನ್ನು ಮಾಳಿಗೆಗೆ ಏರಿಸಿ ಭಾವನ ತಲೆ ಬೀಳಿಸುತ್ತಾ ಕೂತೆ. ಈಗ ನಾನು ಆ ಗೆರೆ ದಾಟುತ್ತೇನೆ ಅಂತ ಗೊತ್ತಾದ ಮೇಲೆ ನಿನಗೆ ತಡೆಯಲಾಗುತ್ತಿಲ್ಲ. ಹೊಟ್ಟೆಕಿಚ್ಚಿಗೆ ಅಮ್ಮನ ಕನಸನ್ನು ಎಳೆದು ತರಬೇಡ.

ಭಾನುವಾರದ ಓಟಕ್ಕೆ ಸೋರೆಬುರುಡೆಯನ್ನೇ ಹಾಕುತ್ತೇನೆ.


ಮಾರ್ಚ್ 27

ಪುಟ್ಟಿ,

ಹೊಟ್ಟೆಕಿಚ್ಚು ಅಂತಲೇ ಇಟ್ಟುಕೋ. ಅದಕ್ಕಿಂತ ಕೆಟ್ಟದ್ದೇನಾದರೂ ಅಂದುಕೊಂಡರೂ ಸರಿ. ಜನ್ಮಪೂರ್ತಿ ಮಾತು ಬಿಡು.

ಇವತ್ತು ಭಾನುವಾರ. ಇಷ್ಟು ಹೊತ್ತಿಗೆ ನೀನು ಓಡಿಸಿ ಮುಗಿಸಿರುತ್ತೀಯ. ಬೆಳಿಗ್ಗೆಯಿಂದ ಮನೆಯ ಫೋನ್ ಎದುರು ಕೂತಿದ್ದೇನೆ. ರಿಂಗಾಗದಿದ್ದರೆ ಸಾಕಪ್ಪಾ ಅಂತ. ಅಮ್ಮ ಬಂದು, "ಯಾರ್ ಫೋನಿಗೆ ಕಾಯ್ತಿದೀಯೋ?" ಅಂದಳು. ಯಾರದೂ ಇಲ್ಲ ಅಂದೆ.

ನಿನ್ನ ಕಾಲಿಗೆ ಬೀಳುತ್ತೇನೆ. ಜರಡಿ ಹಾಕಿಕೋ. ಯಾಕೆ ಅಂತ ಊರಿಗೆ ಬಂದ ಮೇಲೆ ಕೇಳು.

ಅಣ್ಣ


ಮಾರ್ಚ್ 31

ಅಣ್ಣಾ,

ಕ್ಷಮಿಸು. ಅವತ್ತು ಬರೆದದ್ದನ್ನು ಪೋಸ್ಟ್ ಮಾಡಿದ ಮರುಗಳಿಗೆಯೇ ಡಬ್ಬದೊಳಗೆ ಕೈ ತೂರಿಸಿ ವಾಪಸ್ ತೆಗೆಯಲು ನೋಡಿದೆ. ಕಾಲಿಗೆ ಬೀಳುತ್ತೇನೆ ಅಂತ ನೀನು ಬರೆದದ್ದು ಓದಿ ಅತ್ತುಬಿಟ್ಟೆ. ಜಿರಾಫೆ ಕೂಡ ಓದಿದಳು (ಇನ್ನೇನು ಮಾಡ್ತಾಳೆ), "ಇಂಥ ಅಣ್ಣ ಇದ್ದಿದ್ರೆ ನಾನ್ ಬರೀ ತಲೇಲೇ ಓಡಿಸ್ತಿದ್ದೆ" ಅಂದಳು.

ಭಾನುವಾರ ಹಾಕಿದೆ, ನಿಜ. ಬೀಳಲಿಲ್ಲ. ಆದರೆ ಕೋಚ್ ಪಕ್ಕದಿಂದ ತೆಗೆದ ವಿಡಿಯೋ ತೋರಿಸಿದರು. ಇಪ್ಪತ್ತು ಕಿಲೋಮೀಟರ್ ಆದ ಮೇಲೆ ನನ್ನ ತಲೆ ಬಗ್ಗಿ ಬಾಲ ಆಕಾಶ ನೋಡುತ್ತಿತ್ತು. ನೀನು ಮೊದಲೇ ಹೇಳಿದ್ದೆ. ಮಂಗಳವಾರ ಜರಡಿಯಲ್ಲಿ ಓಡಿಸಿದೆ. ಆರೇ ಸೆಕೆಂಡು ವ್ಯತ್ಯಾಸ! ಆರು ಸೆಕೆಂಡನ್ನು ಕಾಲಿನಿಂದ ತರುತ್ತೇನೆ. ರೇಸಿಗೆ ಜರಡಿಯೇ. ಅಮ್ಮನಿಗೆ ಹೇಳು, ನೆಮ್ಮದಿಯಾಗಿ ಉಣ್ಣಲಿ.

ಪುಟ್ಟಿ


ಏಪ್ರಿಲ್ 3

ಪುಟ್ಟಿ,

ನನ್ನ ಚಿನ್ನ! ನಿನ್ನ ಕಾಗದ ಓದಿ ಎದೆಯ ಮೇಲಿದ್ದ ಬಂಡೆ ಇಳಿಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಅಮ್ಮ, "ಇವನಿಗೇನಾಯ್ತಪ್ಪ, ಪಾತ್ರೇನೂ ತಿಂತಾನೇನೋ" ಅಂತ ಗೊಣಗಿದಳು.

ತಪಾಸಣೆಯೂ ಹೆಚ್ಚು ಕಡಿಮೆ ಮುಗಿಯಿತು. ಮೇಡಂ ಒಂದು ಸಣ್ಣ ವಿಷಯವನ್ನು ಬಾಕಿ ಇಟ್ಟಿದ್ದಾರೆ, ಅದೂ ಸರಿಹೋಗುತ್ತೆ. ಸೋರೆಬುರುಡೆಯನ್ನು ಡಬ್ಬದಲ್ಲೇ ಇಟ್ಟು ಬರುವಾಗ ತಗೊಂಡು ಬಾ. ಮರೆತು ಅಲ್ಲೇ ಬಿಟ್ಟುಬರಬೇಡ. ಯಾಕೆ ಬೇಡ ಅಂದೆ ಅಂತ ನೀನು ಕೇಳುವುದೂ ಬೇಡ, ಎಲ್ಲ ಒಳ್ಳೆಯದೇ ಆಯಿತಲ್ಲ.

ಅಣ್ಣ


ಏಪ್ರಿಲ್ 6

ಅಣ್ಣಾ,

ನಾಲ್ಕೇ ದಿನ. ರೇಸಿಗೆ ಮುಂಚೆ ಇದು ಕೊನೇ ಕಾಗದ. ಒಂಬತ್ತನೇ ತಾರೀಖು ಬೆಳಿಗ್ಗೆಯೇ ರೇಸ್ ನಡೆಯುವ ಊರಿಗೆ ನಮ್ಮನ್ನು ಒಯ್ಯುತ್ತಾರೆ.

ನಾನೊಂದು ಕೆಲಸ ಮಾಡಿದ್ದೇನೆ, ಬೈಯಬೇಡ. ಸೋರೆಬುರುಡೆಯನ್ನು ಜಿರಾಫೆಗೆ ಕೊಟ್ಟೆ. ಸುಮ್ಮನೆ ಮಂಚದ ಕೆಳಗೆ ಬಿದ್ದಿತ್ತು. ಅವಳ ಕತ್ತು ನೋಡಬೇಕು ನೀನು, ಮೂವತ್ತು ಕಿಲೋಮೀಟರೂ ಕಂಬದ ಹಾಗೆ ನಿಂತಿರುತ್ತೆ. ಬಾಲ ಬೆನ್ನಿಗೆ ಅಂಟಿಕೊಂಡೇ ಇರುತ್ತೆ. ಶುಕ್ರವಾರದಿಂದ ದಿನಾ ಹಾಕುತ್ತಿದ್ದಾಳೆ. ಇಳಿಜಾರಲ್ಲಿ ನಮ್ಮೆಲ್ಲರನ್ನೂ ಬಿಟ್ಟು ಹಾರಿಹೋಗುತ್ತಾಳೆ.

ಎದುರಾಳಿಗೆ ಆಯುಧ ಕೊಟ್ಟೆಯಲ್ಲೇ ದಡ್ಡಿ ಅಂತೀಯಾ? ಕೊಟ್ಟೂ ಗೆದ್ದರೆ ಅದು ಗೆಲುವು. ಅವಳು ನಿನಗೊಂದು ಮಾತು ಹೇಳಿದ್ದಾಳೆ: "ನಿಮ್ಮಣ್ಣಂಗೆ ಥ್ಯಾಂಕ್ಸ್ ಹೇಳು. ಹೊಸ ಸಾಮಾನು ನನಗೆ ಯಾರೂ ಕೊಟ್ಟಿರ್ಲಿಲ್ಲ."

ಪುಟ್ಟಿ


ಏಪ್ರಿಲ್ 9, ಸಂಜೆ

ಪುಟ್ಟಿ,

ಈ ಕಾಗದ ನಿನಗೆ ಸಿಗುವ ಹೊತ್ತಿಗೆ ರೇಸ್ ಮುಗಿದಿರುತ್ತೆ. ಆದರೂ ಬರೆಯುತ್ತಿದ್ದೇನೆ, ಕೈ ಸುಮ್ಮನಿರುತ್ತಿಲ್ಲ.

ನಿನ್ನ ಕಾಗದ ಮಧ್ಯಾಹ್ನ ಬಂತು. ಜಿರಾಫೆಗೆ ಕೊಟ್ಟೆ ಅನ್ನುವ ಸಾಲನ್ನು ಎಷ್ಟು ಸಲ ಓದಿದೆನೋ. ಶಿಬಿರಕ್ಕೆ ಫೋನ್ ಮಾಡಿದೆ. ಹೊಡೆದುಕೊಂಡೇ ಹೊಡೆದುಕೊಂಡಿತು. ಬೆಳಿಗ್ಗೆಯೇ ಎಲ್ಲರೂ ಹೊರಟಿದ್ದೀರಿ, ನೀನೇ ಬರೆದಿದ್ದೀಯ. ಸೀದಾ ಮೇಡಂ ಮನೆಗೆ ಓಡಿದೆ. ಬಾಗಿಲಲ್ಲೇ ನಿಂತು ಹೇಳಿದೆ: ಕಾಣದ ಹೆಲ್ಮೆಟ್ ಕದ್ದವನು ನಾನು, ಅದು ಬಿದ್ದದ್ದು, ನಾಳೆ ಬೆಳಿಗ್ಗೆ ಒಂದು ಹುಡುಗಿಯ ತಲೆಯ ಮೇಲಿರುತ್ತೆ. ಅವರು ಬೈಯಲಿಲ್ಲ. ಪ್ರಯೋಗಾಲಯದ ಕೀಲಿ ಕೊಡು ಅಂತ ಕೈ ಚಾಚಿದರು. ಕೊಟ್ಟೆ. ಆಮೇಲೆ ಕೂತು ಫೋನಿನ ಮೇಲೆ ಫೋನ್ ಮಾಡಿದರು. ನಿಮ್ಮ ಕೋಚಿನದು ಸ್ವಿಚ್ ಆಫ್. ರೇಸ್ ನಡೆಸುವವರಲ್ಲಿ ಒಬ್ಬ ಸಿಕ್ಕಿದ. ಬೆಳಿಗ್ಗೆ ಹೇಳ್ತೀನಿ ಅಂದ. ಅವನು ಬರೆದುಕೊಂಡನೋ ಇಲ್ಲವೋ ಗೊತ್ತಿಲ್ಲ. ಬಸ್ಸು ಹತ್ತಿದರೂ ನಾನು ಅಲ್ಲಿ ತಲುಪುವುದು ಮಧ್ಯಾಹ್ನಕ್ಕೆ.

ನಿನ್ನ ತಲೆಯ ಮೇಲಿದ್ದದ್ದು ಪೆಟ್ಟು ತಿಂದ ಹೆಲ್ಮೆಟ್ ಅಂತ ನನಗೆ ಮಾರ್ಚ್ ಹನ್ನೊಂದರಿಂದ ಗೊತ್ತಿತ್ತು. ಕೆಲಸ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ. ಬಿಸಿಲು, ಭಾರ, ಅಡ್ಡಗಾಳಿ, ಅಮ್ಮನ ಕನಸು, ಎಲ್ಲ ಅದಕ್ಕೇ. ನಿನ್ನ ತಲೆ ಉಳಿಸಿಕೊಂಡೆ ಅಂತ ಖುಷಿಪಟ್ಟು ಹೊಟ್ಟೆ ತುಂಬ ಉಂಡೆನಲ್ಲ, ಆ ಹೊತ್ತಿಗೆ ಆ ಹುಡುಗಿ ಅದನ್ನು ಹಾಕಿಕೊಂಡಿದ್ದಳು.

ಅವಳಿಗೆ ಏನೂ ಆಗದಿರಲಿ. ಬೇರೇನೂ ಕೇಳುವುದಿಲ್ಲ.

ಅಣ್ಣ


ಏಪ್ರಿಲ್ 14

ಅಣ್ಣ,

ಅವಳು ಬದುಕಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ, ನೀನು ಕಾಯುತ್ತಿರುತ್ತೀಯ. ಫೋನ್ ವಾಪಸ್ ಕೊಟ್ಟಿದ್ದಾರೆ. ನಿನಗೆ ಮಾಡುವ ಮನಸ್ಸಾಗಲಿಲ್ಲ. ಅಮ್ಮನಿಗೆ ಮಾಡಿದೆ, ಅವಳಿಗೆ ಯಾವ ಕನಸೂ ಬಿದ್ದಿರಲಿಲ್ಲ.

ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಆ ಹೊತ್ತಿಗೆ ನಾನು ಆಗಲೇ ಹೊರಟು ರಸ್ತೆಯಲ್ಲಿದ್ದೆ, ಇದೆಲ್ಲ ಆಮೇಲೆ ಕೇಳಿದ್ದು. ಜಿರಾಫೆ ಸೈಕಲ್ ಏರಿ ಹೊರಡುವ ಗೆರೆಯಲ್ಲಿ ನಿಂತಿದ್ದಳು. ಅವಳ ಮುಂದೆ ಇನ್ನೊಬ್ಬಳೇ ಇದ್ದಳು. ಒಬ್ಬ ಚೀಟಿ ಹಿಡಿದು ಓಡಿಬಂದ. ಕೋಚ್ ಓದಿ, ಎಲ್ಲರ ಎದುರು ಅವಳ ತಲೆಯಿಂದ ಹೆಲ್ಮೆಟ್ ಕಿತ್ತುಕೊಂಡರು. ಅವಳದ್ದು ರೂಮಿನಲ್ಲಿತ್ತು. ಬೇರೆ ಹುಡುಗಿಯರದ್ದು ಅವಳ ತಲೆಗೆ ಹಿಡಿಸಲಿಲ್ಲ. ಕೊನೆಗೆ ರೇಸ್ ನೋಡಲು ಬಂದಿದ್ದ ಯಾರದ್ದೋ ಸಡಿಲ ಹೆಲ್ಮೆಟ್ ಹಾಕಿಕೊಂಡು ಹೊರಟಳು. ಎರಡು ನಿಮಿಷ ಹತ್ತು ಸೆಕೆಂಡು ತಡ. ತಡವಾದವರಿಗೋಸ್ಕರ ಗಡಿಯಾರ ಕಾಯುವುದಿಲ್ಲ. ಓಡಿಸಿ ಮುಗಿಸಿದಾಗ ನನಗಿಂತ ಒಂದು ನಿಮಿಷ ನಲವತ್ತೊಂದು ಸೆಕೆಂಡು ಹಿಂದೆ ಇದ್ದಳು. ಕಳೆದು ನೋಡು.

ನಾನು ಎರಡನೆಯವಳು. ಆಯ್ಕೆಯಾದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಕೋಚ್ ಸೋರೆಬುರುಡೆಯ ಒಳಗಿನ ಮೆತ್ತೆ ಕಿತ್ತು ತೋರಿಸಿದರು. ಬಲಗಿವಿಯ ಹಿಂದೆ ಅಂಗೈಯಗಲ ತಗ್ಗಾಗಿ ಸೀಳು ಬಿಟ್ಟಿತ್ತು. ನನ್ನ ಉಗುರು ಅದರೊಳಗೆ ಹೋಯಿತು. ಅಣೆಕಟ್ಟಿನ ಇಳಿಜಾರು, ತಿರುವಿನ ಆ ಗುಂಡಿ ನೆನಪಾದವು.

ನಿನ್ನ ಕಾಗದ ನಿನ್ನೆ ಶಿಬಿರಕ್ಕೆ ಬಂತು. ಜಿರಾಫೆ ಈ ಸಲ ಭುಜದ ಮೇಲಿಂದ ಓದಲಿಲ್ಲ. ನಾನೇ ಕೈಗೆ ಕೊಟ್ಟೆ. ನಿಧಾನವಾಗಿ ಓದಿ ಮಡಚಿಟ್ಟು, "ನನಗೋಸ್ಕರ ಕೆಲ್ಸ ಕಳ್ಕೊಂಡ್ರಲ್ಲೇ, ನಾನ್ ಅವ್ರಿಗೆ ಯಾರು?" ಅಂದಳು. ನಿನ್ನ ಮೇಲೆ ಅವಳಿಗೆ ಸಿಟ್ಟೇ ಇಲ್ಲ. ಆ ಸಿಟ್ಟನ್ನೂ ನಾನೇ ಪಡಬೇಕು.

ನನಗೆ ಅರ್ಥವಾಗದಿರುವುದು ಇದೇ. ಮುಖವನ್ನೇ ನೋಡಿರದ ಹುಡುಗಿಗೋಸ್ಕರ ನೀನು ಒಂದೇ ಮಧ್ಯಾಹ್ನದಲ್ಲಿ ಎಲ್ಲ ಒಪ್ಪಿಕೊಂಡೆ. ನನ್ನ ತಲೆಯ ಮೇಲೆ ಅದು ಇದ್ದಷ್ಟು ದಿನ, ನಾನು ಎಪ್ಪತ್ತೊಂದರಲ್ಲಿ ಇಳಿದೆ ಅಂತ ಬರೆದ ಮೇಲೂ, ನನಗೆ ಸುಳ್ಳೇ ಸಾಕು ಅಂದುಕೊಂಡೆ. ನಿನ್ನ ಮಾತು ಮೀರುವವಳಲ್ಲ ಅಂತ ತಾನೇ?

ತಂಡದ ಕಾಗದಕ್ಕೆ ಸಹಿ ಹಾಕಲು ನಾಳೆ ಶುಕ್ರವಾರದ ತನಕ ಸಮಯ ಕೊಟ್ಟಿದ್ದಾರೆ. ನಾನು ಬೇಡ ಅಂದರೆ ಆ ಜಾಗ ಜಿರಾಫೆಗೆ ಹೋಗುತ್ತೆ ಅಂತ ಕೋಚ್ ಹೇಳಿದ್ದಾರೆ. ಬೇಡ ಅನ್ನು ಅಂತ ಅವಳು ಹೇಳಿಲ್ಲ, ಹೇಳುವವಳೂ ಅಲ್ಲ. ಎರಡು ದಿನದಿಂದ ನಿದ್ದೆ ಇಲ್ಲ.

ಏನು ಮಾಡಲಿ ಅಂತ ನಿನ್ನನ್ನು ಕೇಳುತ್ತಿಲ್ಲ.